ಎಣ್ಣೆ ಹುಡುಕುವವರೆಲ್ಲ ನಮ್ಮ ಗಿರಾಕಿಗಳಲ್ಲ

ಮೈಸೂರಿನಲ್ಲಿ ನನ್ನ ಚಿಕ್ಕಪ್ಪನದೊಂದು ಗಾಣದ ಅಂಗಡಿ ಇದೆ. ಗಾಣ ಮರದ್ದೇ, ಆದರೆ ತಿರುಗಿಸುವುದು ಎತ್ತಲ್ಲ, ಮೋಟಾರು. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು ಅರೆದು ಎಣ್ಣೆ ತೆಗೆದು ಮಾರುತ್ತಾರೆ. ಹಿಂಡಿಯನ್ನು ಹಸು ಸಾಕಿದವರು ಒಯ್ಯುತ್ತಾರೆ. ಎರಡು ವರ್ಷದ ಹಿಂದೆ ಯಾರದೋ ಮಾತು ಕೇಳಿ ಗೂಗಲ್‌ನಲ್ಲಿ ಜಾಹೀರಾತು ಕೊಡಲು ಒಂದು ಏಜೆನ್ಸಿಯನ್ನು ಹಿಡಿದರು. ಜನ ನೋಡಿದ್ದಕ್ಕೆ ದುಡ್ಡಿಲ್ಲ, ಒತ್ತಿದರೆ ಮಾತ್ರ ದುಡ್ಡು ಎಂದು ಏಜೆನ್ಸಿಯ ಹುಡುಗ ಹೇಳಿದ್ದು ಅವರಿಗೆ ನ್ಯಾಯವಾಗಿಯೇ ಕಂಡಿತ್ತು. ತಿಂಗಳಿಗೆ ಒಂಬತ್ತು ಸಾವಿರ, ಅದರ ಮೇಲೆ ಏಜೆನ್ಸಿಯ ಪಾಲು, ಅದರ ಮೇಲೆ ಜಿಎಸ್‌ಟಿ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಕೇಳಿದರು: “ನಾಲ್ಕು ಸಾವಿರ ಜನ ಒತ್ತವ್ರಂತೆ ಕಣಮ್ಮ. ಅಂಗ್ಡಿಗೆ ಹೊಸದಾಗಿ ಬಂದೋರು ನಲವತ್ತು ಜನಾನೂ ಇಲ್ಲ. ಮಿಕ್ಕೋರೆಲ್ಲ ಎಲ್ಲಿಗೆ ಹೋದ್ರು?”

ನಾನು ಓದಿದ್ದು ಕನ್ನಡ ಎಂ.ಎ. ಜಾಹೀರಾತಿಗೂ ನನಗೂ ಸಂಬಂಧವಿರಲಿಲ್ಲ. ಆದರೂ ಆ ಖಾತೆ ತೆರೆದು ಕೂತೆ. ಅದರಲ್ಲಿ ‘ಸರ್ಚ್ ಟರ್ಮ್ಸ್’ ಎಂದೊಂದು ವರದಿ ಇರುತ್ತದೆ. ಜನ ನಿಜವಾಗಿ ಏನೆಂದು ಟೈಪ್ ಮಾಡಿದಾಗ ನಮ್ಮ ಜಾಹೀರಾತು ಕಂಡಿತು ಎಂಬ ಪಟ್ಟಿ ಅದು. ಎಲ್ಲವನ್ನೂ ತೋರಿಸುವುದಿಲ್ಲ, 2020ರಿಂದೀಚೆಗೆ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಮುಚ್ಚಿಡುತ್ತದೆ. ತೋರಿಸಿದಷ್ಟನ್ನೇ ಓದುತ್ತ ಹೋದೆ. ಮೊದಲು ನಗು ಬಂತು, ಆಮೇಲೆ ಸಿಟ್ಟು.

ಏಜೆನ್ಸಿಯವರು ‘ಗಾಣ’ವನ್ನು ರೋಮನ್ ಲಿಪಿಯಲ್ಲಿ ಹಾಕಿದ್ದರು. ಅಲ್ಲಿ ಣಕಾರ ನಕಾರಗಳಿಗೆ ಒಂದೇ ಅಕ್ಷರ, ಗಾಣ ಹೋಗಿ ಹಿಂದಿಯ ಗಾನಾ ಆಗಿತ್ತು. ಹಾಡು ಡೌನ್‌ಲೋಡ್ ಮಾಡಲು ಬಂದವರು ನಮ್ಮ ಕಡಲೆಕಾಯಿ ಎಣ್ಣೆಯ ಮೇಲೆ ಒತ್ತಿ, ಹಾಡಿಲ್ಲವೆಂದು ವಾಪಸು ಹೋಗಿದ್ದರು. ಇನ್ನು ‘ಎಣ್ಣೆ’ ಎಂದರೆ ಏನೆಂದು ಹಾಸ್ಟೆಲ್ಲಿನಲ್ಲಿದ್ದ ಯಾರನ್ನು ಕೇಳಿದರೂ ಹೇಳುತ್ತಾರೆ. ಎಣ್ಣೆ ಸಾಂಗ್, ಎಣ್ಣೆ ಪಾರ್ಟಿ, ಎಣ್ಣೆ ಬಿಡಿಸುವುದು ಹೇಗೆ (ಈ ಕೊನೆಯದನ್ನು ಹುಡುಕಿದ ಮನೆಯವರ ದುಡ್ಡು ಅಲ್ಲ, ನಮ್ಮ ದುಡ್ಡು ಹೋಗಿತ್ತು). ಗಾಣದ ಮಶೀನಿನ ಬೆಲೆ ಕೇಳಿದವರು, ಗಾಣ ಹಾಕಲು ಸಾಲ ಹುಡುಕಿದವರು, ಕೂದಲುದುರುವುದಕ್ಕೆ ಮದ್ದು ಬೇಕಾದವರು, ಎಣ್ಣೆ ಗಿರಣಿಯಲ್ಲಿ ಕೆಲಸ ಕೇಳಿದವರು, ಅಂಗಿಯ ಮೇಲಿನ ಎಣ್ಣೆ ಕಲೆ ತೆಗೆಯಬೇಕಾದವರು. ಎಲ್ಲರೂ ಒತ್ತಿದ್ದರು, ಎಲ್ಲರ ಲೆಕ್ಕವೂ ಚಿಕ್ಕಪ್ಪನ ಹೆಸರಿಗೆ.

ಇದನ್ನು ತಂತ್ರಜ್ಞಾನದ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇದು ಭಾಷೆ ಗೊತ್ತಿಲ್ಲದವರ ಕೈಗೆ ಭಾಷೆಯ ಕೆಲಸ ಕೊಟ್ಟದ್ದರ ಫಲ. ಕ್ಲಿಕ್ಕಿನ ಜಾಹೀರಾತಿನಲ್ಲಿ ಸಣ್ಣ ವ್ಯಾಪಾರಿಯ ದುಡ್ಡು ಉಳಿಯುವುದೂ ಹೋಗುವುದೂ ಪದಗಳ ಆಯ್ಕೆಯಲ್ಲಿ. ಆ ಆಯ್ಕೆ ಬಲ್ಲವರು ನಾವು, ಸಾಹಿತ್ಯದ ಕಡೆಯವರು. ನಾವೋ, ಅದು ನಮ್ಮ ಮರ್ಯಾದೆಗೆ ಕಡಿಮೆಯೆಂದು ದೂರ ನಿಂತಿದ್ದೇವೆ.

ಈ ವ್ಯವಹಾರ ಹುಟ್ಟಿದ್ದೇ ಪದಗಳ ಹರಾಜಾಗಿ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಎಂಬ ಕಂಪನಿ ಹುಡುಕುವ ಪದಗಳನ್ನು ಹರಾಜಿಗಿಟ್ಟಿತು. ಹೆಚ್ಚು ಸವಾಲು ಕೂಗಿದವನ ಹೆಸರು ಮೇಲೆ, ಯಾರಾದರೂ ಒತ್ತಿದರೆ ಮಾತ್ರ ಹಣ. ಗೂಗಲ್ 2002ರಲ್ಲಿ ಅದೇ ಪದ್ಧತಿಗೆ ಬಂತು, ಆದರೆ ಒಂದು ತಿದ್ದುಪಡಿಯೊಂದಿಗೆ: ಬರೀ ಸವಾಲಿನ ಮೊತ್ತ ಸಾಲದು, ಜನ ಆ ಜಾಹೀರಾತನ್ನು ಒತ್ತುವ ಸಾಧ್ಯತೆ ಎಷ್ಟು ಎಂಬುದೂ ಲೆಕ್ಕಕ್ಕೆ. ಇವತ್ತು ಹುಡುಕಿದ ಮಾತಿಗೂ ಜಾಹೀರಾತಿನ ಮಾತಿಗೂ ಎಷ್ಟು ಹೊಂದಿಕೆಯಿದೆ, ಒತ್ತಿದ ಮೇಲೆ ತೆರೆದುಕೊಳ್ಳುವ ಪುಟ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಸೇರಿಸಿ ಸ್ಥಾನ ಕೊಡುತ್ತಾರೆ. ಅಂದರೆ ಸರಿಯಾದ ಮಾತು ಬರೆದವನು ಕಡಿಮೆ ಕೊಟ್ಟು ಮೇಲೆ ನಿಲ್ಲಬಲ್ಲ. ಸಣ್ಣವನಿಗೆ ಈ ಹರಾಜಿನಲ್ಲಿರುವ ಅನುಕೂಲ ಇದೊಂದೇ. ಇದನ್ನೂ ಬಿಟ್ಟುಕೊಟ್ಟರೆ ಉಳಿಯುವುದು ಥೈಲಿಯ ಜಗಳ, ಅದರಲ್ಲಿ ದೊಡ್ಡ ಎಣ್ಣೆ ಕಂಪನಿಯ ಎದುರು ಚಿಕ್ಕಪ್ಪ ಗೆಲ್ಲುವುದಿಲ್ಲ.

ಮತ್ತೆ ಈ ಯಂತ್ರ ಬಂದಾಗಿನಿಂದಲೇ ಬಾಗಿಲು ತೆರೆದುಕೊಂಡೇ ಬಂದಿರುತ್ತದೆ. ನೀವು ಒಂದು ಪದ ಕೊಟ್ಟರೆ ಅದನ್ನು ‘ಬ್ರಾಡ್ ಮ್ಯಾಚ್’ ಎಂದೇ ತೆಗೆದುಕೊಳ್ಳುತ್ತದೆ, ಅದಕ್ಕೆ ಸಂಬಂಧವಿದೆಯೆಂದು ತನಗೆ ತೋಚಿದ್ದೆಲ್ಲವನ್ನೂ ಸೇರಿಸುತ್ತದೆ. ಮೈಸೂರು ಎಂದು ಊರು ಕೊಟ್ಟರೆ ಮೈಸೂರಿನಲ್ಲಿರುವವರು ಮಾತ್ರವಲ್ಲ, ಮೈಸೂರಿನ ಬಗ್ಗೆ ‘ಆಸಕ್ತಿ’ ತೋರಿದವರೂ ಸೇರುತ್ತಾರೆ. ಅರಮನೆ ನೋಡಲು ಬರಬೇಕೆಂದು ದೆಹಲಿಯಲ್ಲಿ ಕೂತು ಯೋಚಿಸುವವನೂ ಅದರ ಲೆಕ್ಕದಲ್ಲಿ ಗಿರಾಕಿ. ದಿನಕ್ಕೆ 300 ರೂಪಾಯಿ ಎಂದರೆ ಕೆಲವು ದಿನ 600ರವರೆಗೂ ಹೋಗಬಹುದು, ತಿಂಗಳ ಮೊತ್ತ ಮೀರದಿದ್ದರೆ ಆಯಿತು. ಎಲ್ಲವನ್ನೂ ಬದಲಿಸಬಹುದು. ಬದಲಿಸಬೇಕೆಂದು ಹೇಳಬೇಕಾದ ಏಜೆನ್ಸಿಗೆ ಖರ್ಚಿನ ಮೇಲೆ ಶೇಕಡಾವಾರು ಪಾಲು. ಖರ್ಚು ಇಳಿಸುವ ಸಲಹೆ ಅಲ್ಲಿಂದ ಬಂದೀತೆಂದು ಕಾಯುವುದು ಸುಮ್ಮನೆ.

ನಾನು ಮಾಡಿದ್ದು ಹೆಚ್ಚಿನದೇನಲ್ಲ. ಮೈಸೂರಿನಲ್ಲಿ ಇರುವವರಿಗೆ ಮಾತ್ರ ಕಾಣುವಂತೆ ಮಾಡಿದೆ. ‘ಎಕ್ಸಾಕ್ಟ್’ ಮತ್ತು ‘ಫ್ರೇಸ್’ ಎಂಬ ಬಿಗಿಯಾದ ಬಗೆಗಳಿಗೆ ಬದಲಿಸಿದೆ. ಬರೀ ಗಾಣ, ಬರೀ ಎಣ್ಣೆ ಬಿಟ್ಟು, ಗಾಣದ ಕಡಲೆಕಾಯಿ ಎಣ್ಣೆ, ಮರದ ಗಾಣದ ಕೊಬ್ಬರಿ ಎಣ್ಣೆ ಎಂದು ಉದ್ದದ ಮಾತುಗಳನ್ನೇ ಹಾಕಿದೆ. ಕನ್ನಡ ಲಿಪಿಯಲ್ಲೊಮ್ಮೆ, ಜನ ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಾಗೆ ಮತ್ತೊಮ್ಮೆ. ಆಮೇಲೆ ಬೇಡದ ಪದಗಳ ಪಟ್ಟಿ. ಅದನ್ನು ‘ನೆಗೆಟಿವ್ ಕೀವರ್ಡ್’ ಎನ್ನುತ್ತಾರೆ. ಇಲ್ಲಿ ಯಂತ್ರಕ್ಕೆ ಸಮಾನಾರ್ಥಕ ಗೊತ್ತಿಲ್ಲ. ಬೇಕಾದ ಪದವನ್ನು ಊರಗಲ ಹಿಗ್ಗಿಸುವ ಅದೇ ಯಂತ್ರ, ಬೇಡದ ಪದವನ್ನು ಅಕ್ಷರಶಃ ಮಾತ್ರ ಓದುತ್ತದೆ. ಸಾಂಗ್ ಬೇಡವೆಂದರೆ ಹಾಡು ಬರುತ್ತದೆ. ಹಾಡು ಬೇಡವೆಂದರೆ ಗೀತೆ ಬರುತ್ತದೆ. ನಿಘಂಟು ಹಿಡಿದು ಕೂತವಳ ಹಾಗೆ ನೂರಾ ನಲವತ್ತು ಪದ ಬರೆದೆ. ಎಂ.ಎ. ಓದಿದ್ದು ಅವತ್ತು ಕೆಲಸಕ್ಕೆ ಬಂತು.

ಮುಂದಿನ ತಿಂಗಳು ಚಿಕ್ಕಪ್ಪ ಗಾಬರಿಯಾದರು. ಮೊದಲು ಒಂದು ಕ್ಲಿಕ್ಕಿಗೆ ಏಳು ರೂಪಾಯಿಗಿಂತ ಕಡಿಮೆ ಬೀಳುತ್ತಿದ್ದದ್ದು ಒಂಬತ್ತಾಗಿತ್ತು. “ಕಮ್ಮಿ ಮಾಡ್ತೀನಿ ಅಂದು ಜಾಸ್ತಿ ಮಾಡಿದ್ಯಲ್ಲಮ್ಮ!” ಎಂದರು. ಇಲ್ಲೇ ಎಲ್ಲರೂ ಎಡವುವುದು. ಯೂಟ್ಯೂಬಿನಲ್ಲಿ ಪಾಠ ಮಾಡುವ ಗುರುಗಳೆಲ್ಲ ಅಗ್ಗದ ಕ್ಲಿಕ್ಕಿನ ಬಗ್ಗೆ ಮಾತಾಡುತ್ತಾರೆ. ಕ್ಲಿಕ್ಕಿನ ಬೆಲೆಯನ್ನಲ್ಲ, ಗಿರಾಕಿಯ ಬೆಲೆಯನ್ನು ನೋಡಬೇಕು. ಮೊದಲು 27,000 ಸುರಿದು 40 ಜನ, ತಲೆಗೆ 675 ರೂಪಾಯಿ. ಈಗ ತಿಂಗಳಿಗೆ 3,000, ಬಂದವರು 15, ತಲೆಗೆ 200. ನಮ್ಮಲ್ಲಿ ಲೀಟರಿಗೆ ಅರವತ್ತು ರೂಪಾಯಿ ಉಳಿಯುತ್ತದೆ. ತಿಂಗಳಿಗೆ ಎರಡು ಲೀಟರಿನಂತೆ ಆರು ತಿಂಗಳು ಕೊಂಡ ಗಿರಾಕಿಯಿಂದ 720. ಏಜೆನ್ಸಿಯ ಪಾಲು, ತೆರಿಗೆ ಸೇರಿಸಿದರೆ 675ರಲ್ಲಿ ಆ ಆರು ತಿಂಗಳ ಲಾಭವೆಲ್ಲ ಕರಗಿ ಕೈಯಿಂದಲೂ ಹೋಗುತ್ತಿತ್ತು. ಈ ಲೆಕ್ಕ ಹಾಕಲು ಚೀಟಿಯ ಬೆನ್ನು ಸಾಕು. ಮೂರು ತಿಂಗಳಲ್ಲಿ ಏಜೆನ್ಸಿ ಕಳಿಸಿದ ಬಣ್ಣಬಣ್ಣದ ವರದಿಗಳಲ್ಲಿ ಇದು ಒಮ್ಮೆಯೂ ಇರಲಿಲ್ಲ.

ಆ ವರದಿಗಳಲ್ಲಿ ಇನ್ನೊಂದು ಚಮತ್ಕಾರವಿತ್ತು. ಅತಿ ಹೆಚ್ಚು ಫಲ ಕೊಟ್ಟ ಪದವೆಂದು ಅವರು ತೋರಿಸಿದ್ದು ನಮ್ಮ ಅಂಗಡಿಯ ಹೆಸರನ್ನೇ! ಅಂಗಡಿಯ ಹೆಸರು ಟೈಪ್ ಮಾಡಿದವರು ಹೇಗೂ ಬರುತ್ತಿದ್ದ ಹಳೆಯ ಗಿರಾಕಿಗಳು, ಫೋನ್ ನಂಬರ್ ಹುಡುಕಿದವರು. ಮನೆಗೆ ಬರುತ್ತಿದ್ದ ನೆಂಟರಿಗೆ ಗೇಟಿನಲ್ಲಿ ಟಿಕೆಟ್ ಕೊಟ್ಟು ಕಮಿಷನ್ ಪಡೆದ ಹಾಗೆ. ಇದು ಸಣ್ಣವರ ಮೋಸಹೋಗುವಿಕೆ ಮಾತ್ರವಲ್ಲ. ಇಬೇಯಂಥ ಕಂಪನಿಯೇ ತನ್ನ ಹೆಸರಿನ ಮೇಲಿನ ಜಾಹೀರಾತನ್ನು ನಿಲ್ಲಿಸಿ ಪರೀಕ್ಷೆ ಮಾಡಿದಾಗ, ಹಾಗೆ ಬರುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಕೆಳಗಿನ ಪುಕ್ಕಟೆ ಕೊಂಡಿ ಒತ್ತಿ ಬಂದರು. ಆ ಅಧ್ಯಯನ 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಅಚ್ಚಾಗಿದೆ. ಪಕ್ಕದ ಅಂಗಡಿಯವನು ನಿಮ್ಮ ಹೆಸರಿನ ಮೇಲೆ ಸವಾಲು ಕೂಗುತ್ತಿದ್ದರೆ ಮಾತು ಬೇರೆ. ನಮ್ಮ ಹೆಸರಿಗೆ ಯಾರೂ ಕೂಗುತ್ತಿರಲಿಲ್ಲ.

ಇಷ್ಟು ಹೇಳಿದಾಗ ಒಬ್ಬ ಇಂಜಿನಿಯರ್ ಗೆಳೆಯ ನಕ್ಕ. ಇದೆಲ್ಲ ಹಳೆಯ ಕಾಲದ್ದು, ಈಗ ಯಂತ್ರವೇ ಕಲಿಯುತ್ತದೆ, ಬಿಟ್ಟುಬಿಡು ಎಂದ. ಯಂತ್ರ ಕಲಿಯುವುದು ಮಾರಾಟದ ದಾಖಲೆಯಿಂದ. ನಮ್ಮ ಗಿರಾಕಿ ಜಾಹೀರಾತು ನೋಡಿ, ಸಂಜೆ ಸ್ಕೂಟರಿನಲ್ಲಿ ಬಂದು, ಸ್ಟೀಲ್ ಡಬ್ಬಿ ಚಾಚಿ, ಚಿಲ್ಲರೆ ಎಣಿಸಿ ಹೋಗುತ್ತಾರೆ. ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ತಿಂಗಳಿಗೆ ಹದಿನೈದು ಜನರಿಂದ ಅದು ಏನು ಕಲಿತೀತು? ಬೆಲೆಯನ್ನು ಮಾರುಕಟ್ಟೆಯೇ ತೀರ್ಮಾನಿಸುತ್ತದೆ ಎಂದೂ ಅವನ ವಾದ. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಹುಡುಕಾಟದಲ್ಲಿ ಗೂಗಲ್ ಏಕಸ್ವಾಮ್ಯ ನಡೆಸುತ್ತಿದೆಯೆಂದು ತೀರ್ಪಿತ್ತರು. ಪೈಪೋಟಿಯ ಭಯವಿಲ್ಲದೆ ಅದು ಜಾಹೀರಾತಿನ ಬೆಲೆ ಏರಿಸಬಲ್ಲುದೆಂದೂ ಅದರಲ್ಲಿದೆ. ಅಂಥ ಹರಾಜುಕಟ್ಟೆಯಲ್ಲಿ ಕಣ್ಣುಮುಚ್ಚಿ ಕೈಯೆತ್ತು ಎನ್ನುವ ಸಲಹೆ ಯಾರ ಪರ ಎಂದು ಅವನೇ ಹೇಳಲಿ.

ಆದರೆ ನನ್ನ ನಿಜವಾದ ಜಗಳ ಅವನೊಂದಿಗಲ್ಲ, ನನ್ನ ಜೊತೆ ಓದಿದವರೊಂದಿಗೆ. ಈ ವಿಷಯ ಎತ್ತಿದಾಗ ಒಬ್ಬಳು, “ನೀನು ಜಾಹೀರಾತು ಬರೆಯೋದಕ್ಕೆ ಇಳಿದುಬಿಟ್ಟೆಯಾ?” ಎಂದಳು. ಇಳಿದೆಯಂತೆ! ಕನ್ನಡ ಅನ್ನ ಕೊಡುವ ಭಾಷೆಯಾಗಬೇಕೆಂದು ನವೆಂಬರಿನಲ್ಲಿ ಅವಳ ಭಾಷಣ ಕೇಳಿದ್ದೇನೆ. ಗಾಣಕ್ಕೂ ಗಾನಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ನನ್ನ ಚಿಕ್ಕಪ್ಪನ ಕನ್ನಡಕ್ಕೆ ಗುತ್ತಿಗೆದಾರನಾದಾಗ ನಾವೆಲ್ಲ ಎಲ್ಲಿದ್ದೆವು? ವಿಚಾರಸಂಕಿರಣದಲ್ಲಿ. ಉಪಭಾಷೆಯ ಬಗ್ಗೆ ಪ್ರಬಂಧ ಮಂಡಿಸುವವರು, ಮಂಡ್ಯದವರು ಒಂದು ವಸ್ತುವನ್ನು ಏನೆಂದು ಕೇಳುತ್ತಾರೆ, ಧಾರವಾಡದವರು ಏನೆಂದು ಹುಡುಕುತ್ತಾರೆ ಎಂದು ಒಬ್ಬ ಅಂಗಡಿಯವನಿಗೆ ಹೇಳಿಕೊಟ್ಟರೆ ಅವರ ಶಾಸ್ತ್ರ ಮೈಲಿಗೆಯಾಗುವುದಿಲ್ಲ. ವಾರಕ್ಕೊಂದು ಗಂಟೆಯ ಕೆಲಸ. ಸಂಬಳವನ್ನೂ ಕೇಳಬಹುದು, ಚಿಕ್ಕಪ್ಪ ನನಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಕೊಡುತ್ತಾರೆ.

ಈಗ ಕೌಂಟರಿನಲ್ಲಿ ಕೂರುವ ಚಿಕ್ಕಮ್ಮ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಗಿರಾಕಿಗಳು ಫೋನಿನಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಬರೆದಿಡುತ್ತಾರೆ. ಕಳೆದ ಭಾನುವಾರ ಆ ಪುಟದಲ್ಲಿ ‘ಗಾಣದೆಣ್ಣೆ’, ‘ನಾಟಿ ಎಣ್ಣೆ’, ‘ಮರದ್ ಎಣ್ಣೆ’, ‘ದೀಪಕ್ಕಲ್ಲ ಅಡಿಗೇಗೆ’ ಇದ್ದವು. ಮೊದಲ ಮೂರನ್ನು ಖಾತೆಗೆ ಸೇರಿಸಿದೆ. ನಾಲ್ಕನೆಯದನ್ನು ಜಾಹೀರಾತಿನ ಸಾಲಾಗಿಯೇ ಹಾಕಿದ್ದೇನೆ.