ಅಂಗಳಕ್ಕೆ ಬಂದ ಅತಿಥಿಯ ಹೆಸರೇನು?

ವಿದುರಾಶ್ವತ್ಥವೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಎರಡು ಸಂಗತಿಗಳು ಮೂಡುವುವು. ಒಂದು, ಮಹಾತ್ಮನಾದ ವಿದುರನು ಉತ್ತರ ಪಿನಾಕಿನಿಯ ದಡದಲ್ಲಿ ನೆಟ್ಟನೆಂದು ನಂಬಿಕೆಯುಳ್ಳ ಅಶ್ವತ್ಥವೃಕ್ಷ. ಮತ್ತೊಂದು, 1938ನೆಯ ಇಸವಿ ಏಪ್ರಿಲ್ 25ರಂದು ರಾಷ್ಟ್ರಧ್ವಜದ ಸಲುವಾಗಿ ಅಲ್ಲಿ ನೆರೆದ ನಿರಾಯುಧ ಜನರ ಮೇಲೆ ಹಾರಿದ ಗುಂಡು. ಆ ಹಳೆಯ ವೃಕ್ಷವು 2001ರಲ್ಲಿ ಧರೆಗುರುಳಿತು. ಅಶ್ವತ್ಥವೆಂದರೆ ಭಕ್ತರು ಸುತ್ತುಬರುವ ಮರ ಮಾತ್ರವಲ್ಲ; ಅದು ಹಕ್ಕಿಗಳ ಅನ್ನಸತ್ರವೂ ಹೌದು. ಅದರ ಹಣ್ಣನ್ನು ತಿಂದ ಕುಟ್ರುಹಕ್ಕಿ, ಕೋಗಿಲೆ, ಗೊರವಂಕಗಳೇ ಅದರ ಬೀಜವನ್ನು ಗೋಡೆಗೋಡೆಗೂ ಬಾವಿಕಟ್ಟೆಗೂ ಸಾಗಿಸುವುವು. ಅಂತಹ ಸತ್ರಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ, ಬೇಸಗೆ ಬಂದೊಡನೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಅನೇಕ ಗೃಹಸ್ಥರು ಮಹಡಿಯ ಮೇಲೆ ನೀರಿನ ಬಟ್ಟಲನ್ನೂ ಕಾಳಿನ ತಟ್ಟೆಯನ್ನೂ ಇಡುತ್ತಿರುವುದು ಸಂತೋಷದ ಸಂಗತಿ. ಇದು ನಮ್ಮ ಪೂರ್ವಿಕರು ಸೂರಿನಡಿ ತೆನೆ ಕಟ್ಟುತ್ತಿದ್ದ ಧರ್ಮದ ಮುಂದುವರಿಕೆಯೇ ಸರಿ.

ಪರಂತು ಈ ದಾನದಲ್ಲಿ ಒಂದು ಕೊರತೆಯುಂಟೆಂದು ನಾವು ಹೇಳದೆ ವಿಧಿಯಿಲ್ಲ. ಮನೆಗೆ ಬಂದ ಅತಿಥಿಯ ಹೆಸರನ್ನು ಕೇಳದೆ ಎಲೆ ಹಾಕುವ ಯಜಮಾನನನ್ನು ಲೋಕವು ಏನೆಂದೀತು? ಸಣ್ಣದೆಲ್ಲ ಗುಬ್ಬಿ, ಹಸುರಾದುದೆಲ್ಲ ಗಿಳಿ, ಕರಿಯದೆಲ್ಲ ಕಾಗೆ ಎಂಬುದಿಷ್ಟೇ ಇಂದು ನಮ್ಮ ವಿದ್ಯಾವಂತರ ಪಕ್ಷಿಜ್ಞಾನ. ಹಿಮದ ನಾಡಿನ ಪೆಂಗ್ವಿನ್ನನ್ನು ಚಿತ್ರದಲ್ಲಿ ಕಂಡು ಗುರುತಿಸುವ ಬಾಲಕನು ತನ್ನ ಬೇಲಿಯ ಮೇಲೆ ಕುಳಿತ ಪಿಕಳಾರದ ಹೆಸರನ್ನರಿಯನು. ಇದು ಬಾಲಕನ ದೋಷವಲ್ಲ. ಹಿರಿಯರ ಉದಾಸೀನದ ಫಲ.

ಗುರುತಿಸುವ ವಿದ್ಯೆಯೇನೂ ಬ್ರಹ್ಮವಿದ್ಯೆಯಲ್ಲ. ಕಣ್ಣು, ಕಿವಿ, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಗುಬ್ಬಚ್ಚಿಯಲ್ಲಿ ಗಂಡಿಗೆ ಬೂದುಬಣ್ಣದ ನೆತ್ತಿ, ಕೊರಳಲ್ಲಿ ಕರಿಯ ಮಚ್ಚೆ; ಹೆಣ್ಣು ಮಾಸಲು ಕಂದು, ಕಣ್ಣಿನ ಮೇಲೆ ತಿಳಿಬಣ್ಣದ ಗೆರೆ. ತಟ್ಟೆಗಿಳಿದ ಪಾರಿವಾಳದ ರೆಕ್ಕೆಯ ಮೇಲೆ ಎರಡು ಕರಿಯ ಪಟ್ಟೆಗಳಿದ್ದರೆ, ಅದರ ಬಂಧುವಾದ ಚುಕ್ಕೆ ಬೆಳವದ ಕತ್ತಿನ ಹಿಂದೆ ಕಪ್ಪುಬಿಳುಪಿನ ಚದುರಂಗದ ಹಾಸು ಇರುವುದು. ಗೊರವಂಕಕ್ಕೆ ಹಳದಿ ಕೊಕ್ಕು, ಕಣ್ಣಿನ ಸುತ್ತ ಹಳದಿ, ಹಾರಿದಾಗ ರೆಕ್ಕೆಯಲ್ಲಿ ಬೆಳ್ಳನೆಯ ಮಚ್ಚೆ. ಪಿಕಳಾರಗಳಲ್ಲಿ ನಮ್ಮ ತೋಟಗಳಿಗೆ ಸಾಮಾನ್ಯವಾಗಿ ಬರುವುವು ಎರಡು ಬಗೆ: ಒಂದಕ್ಕೆ ಚೂಪಾದ ಕರಿಯ ಜುಟ್ಟು, ಬಿಳಿಯ ಕೆನ್ನೆ, ಕಣ್ಣಿನ ಹಿಂದೆ ಕುಂಕುಮದ ಬೊಟ್ಟು, ಇನ್ನೊಂದಕ್ಕೆ ಕರಿಯ ತಲೆ, ಗಿಡ್ಡ ಜುಟ್ಟು, ಹೊಗೆಬಣ್ಣದ ಮೈ. ಬಾಲದಡಿಯ ಕೆಂಪು ಮಾತ್ರ ಎರಡಕ್ಕೂ ಸಮಾನ. ಗಿಳಿಯ ಕೊರಳಲ್ಲಿ ಗುಲಾಬಿ ಕಂಠಿ ಕಂಡರೆ ಅದು ಬೆಳೆದ ಗಂಡು. ಕೋಗಿಲೆಯ ವಿಷಯದಲ್ಲಂತೂ ಅನೇಕರು ಮೋಸಹೋಗುವರು. ಕೂಗಿ ವಸಂತವನ್ನು ಸಾರುವ ಕರಿಮೈಯ, ಕೆಂಗಣ್ಣಿನ ಹಕ್ಕಿ ಗಂಡು. ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳನ್ನು ಹೊತ್ತು ಮೌನವಾಗಿ ಹಣ್ಣು ತಿನ್ನುವ ಹೆಣ್ಣನ್ನು ಬೇರೊಂದು ಜಾತಿಯೆಂದೇ ಜನರು ಬಗೆಯುವರು. ಎಲೆಯ ನಡುವೆ ಮರೆಯಾಗಿ ಕಮ್ಮಾರನ ಸುತ್ತಿಗೆಯಂತೆ ಒಂದೇ ಸಮನೆ ಟಂಕಿಸುವ ಪುಟ್ಟ ಕುಟ್ರುಹಕ್ಕಿಯನ್ನು ಕಿವಿಯಿಂದಲೇ ಹಿಡಿಯತಕ್ಕದ್ದು.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಉತ್ತರವು ತಟ್ಟೆಯಲ್ಲಿಯೇ ಇದೆ. ಕಾಳನ್ನಷ್ಟೇ ಹರಡಿದರೆ ಬರುವವರು ಹೆಚ್ಚಾಗಿ ಪಾರಿವಾಳಗಳು. ಅವು ಮೊದಲೇ ಊರೂರಲ್ಲಿ ಹೆಚ್ಚಿ, ಬಡಪಾಯಿ ಗುಬ್ಬಚ್ಚಿಯನ್ನು ಅಂಚಿಗೆ ತಳ್ಳುವುವು. ಪಿಕಳಾರ ಬೇಡುವುದು ಹಣ್ಣನ್ನು. ಸೂರಕ್ಕಿ ಬೇಡುವುದು ದಾಸವಾಳದ ಮಕರಂದವನ್ನು. ಮಡಿವಾಳಹಕ್ಕಿಗೂ ಹರಟೆಮಲ್ಲನಿಗೂ ಬೇಕಾದುದು ತರಗೆಲೆಯಡಿಯ ಹುಳು. ಬಂದವರು ಯಾರು, ಬಾರದವರು ಯಾರು ಎಂದು ತಿಳಿದವನು ಮಾತ್ರ ಕಾಳಿನ ಜೊತೆಗೆ ಒಂದು ಅತ್ತಿಯನ್ನೋ ಸೀಬೆಯನ್ನೋ ನೆಡುವನು. ಅಂಗಳಕ್ಕೆಲ್ಲ ಸಿಮೆಂಟು ಬಳಿಯದೆ ಮೂಲೆಯಲ್ಲಿ ಒಂದಿಷ್ಟು ಮಣ್ಣನ್ನು ಉಳಿಸುವನು. ನೀರನ್ನು ದಿನವೂ ಬದಲಿಸಿ ತಟ್ಟೆಯನ್ನು ತೊಳೆಯುವನು. ಬೂಷ್ಟು ಹಿಡಿದ ಕಾಳನ್ನೂ ಉಪ್ಪು ಖಾರದ ತಿಂಡಿಯನ್ನೂ ಹಾಕನು. ಅರಿವಿಲ್ಲದ ದಾನವು ಅರ್ಧದಾನ.

ಮನುಷ್ಯರ ಕಷ್ಟಗಳೇ ತೀರದಿರುವಾಗ ಹಕ್ಕಿಯ ಗೊಡವೆ ಏತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಅವರು ರೈತನನ್ನು ಕೇಳಲಿ. ನೇಗಿಲ ಹಿಂದೆ ಸಾಗಿ ಹುಳುಗಳನ್ನು ಹೆಕ್ಕುವ ಗೊರವಂಕವೂ, ಹೊಲದ ತಂತಿಯ ಮೇಲಿಂದ ಎರಗಿ ಕೀಟಗಳನ್ನು ಹಿಡಿಯುವ ಕಾಜಾಣವೂ ಕೂಲಿ ಕೇಳದ ಆಳುಗಳು.

ಎಣಿಕೆಯ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ಗುಬ್ಬಚ್ಚಿಗಳು ದೇಶದಲ್ಲೆಲ್ಲ ನಾಶವಾದುವೆಂಬ ವದಂತಿ ಬಹುಕಾಲ ಹಬ್ಬಿತ್ತು. ಸಾವಿರಾರು ಮಂದಿ ವೀಕ್ಷಕರ ಟಿಪ್ಪಣಿಗಳಿಂದ 2020ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ಮಹಾನಗರಗಳಲ್ಲಿ ಅವು ಕುಗ್ಗಿದ್ದರೂ ಒಟ್ಟು ದೇಶದಲ್ಲಿ ಸುಮಾರಾಗಿ ಸ್ಥಿರವಾಗಿವೆಯೆಂದು ತೋರಿಸಿತು. 2023ರ ವರದಿಯು 942 ಜಾತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ 178ನ್ನು ವಿಶೇಷ ರಕ್ಷಣೆಗೆ ಅರ್ಹವೆಂದು ಹೇಳಿತು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೇ ಇಳಿಮುಖವಾಗಿದೆಯೆಂಬ ಎಚ್ಚರಿಕೆಯೂ ಅದರಲ್ಲುಂಟು. ನಾವು ಗುಬ್ಬಿಗಾಗಿ ಕಣ್ಣೀರು ಸುರಿಸುತ್ತಿದ್ದಾಗ ನೀಲಕಂಠವು ಸದ್ದಿಲ್ಲದೆ ಜಾರುತ್ತಿತ್ತು! ಹೆಸರನ್ನರಿಯದವನು ಎಣಿಸಲಾರನು, ಎಣಿಸದವನಿಗೆ ಕಳೆದುಕೊಂಡುದರ ಅರಿವೂ ಇರದು. 1938ರಲ್ಲಿ ಮಡಿದವರ ವಿಷಯದಲ್ಲಿ ಸರ್ಕಾರದ ಲೆಕ್ಕವೊಂದು, ಜನರ ಲೆಕ್ಕವೊಂದು ಆದುದನ್ನು ವಿದುರಾಶ್ವತ್ಥವು ಮರೆಯಲಾರದು. ಹುತಾತ್ಮರನ್ನು ಹಕ್ಕಿಗಳೊಡನೆ ಹೋಲಿಸುವ ಅವಿವೇಕ ನಮ್ಮದಲ್ಲ. ಲೆಕ್ಕವನ್ನು ಪರರ ಕೈಗೆ ಬಿಡಬಾರದೆಂಬ ಪಾಠವನ್ನು ಈ ನೆಲವು ರಕ್ತ ತೆತ್ತು ಕಲಿತಿದೆಯೆಂದಷ್ಟೇ ನಮ್ಮ ಮಾತು.

ಹೆಸರುಗಳ ಭಾಗ್ಯವಂತೂ ನಮಗೆ ಧಾರಾಳವಾಗಿದೆ. ಗಡಿಯ ಈ ಸೀಮೆಯಲ್ಲಿ ಒಂದು ಮನೆಯ ಗೊರವಂಕವು ಪಕ್ಕದ ಮನೆಯಲ್ಲಿ ತೆಲುಗಿನ ಗೋರಿಂಕ. ಇಲ್ಲಿಯ ಗುಬ್ಬಚ್ಚಿ ಅಲ್ಲಿ ಪಿಚ್ಚುಕ. ಎರಡನ್ನೂ ಬಲ್ಲ ಮಗುವಿಗೆ ನಷ್ಟವಿಲ್ಲ, ಲಾಭವೇ. ಎರಡನ್ನೂ ಮರೆತು ಇಂಗ್ಲಿಷ್ ಹೆಸರೊಂದನ್ನೇ ಉರುಹೊಡೆಯುವುದು ಮಾತ್ರ ದಾರಿದ್ರ್ಯ. ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ನಾಡಿನ ಹಕ್ಕಿಗಳನ್ನು ಕನ್ನಡದಲ್ಲಿಯೇ ಬರೆದು ಚಿತ್ರಸಮೇತ ಕೊಟ್ಟರು. ಹಿರಿಯರು ಹಾಕಿದ ದಾರಿಯುಂಟು. ನಡೆಯುವ ಕಾಲುಗಳು ಬೇಕು.

ಗೌರಿಬಿದನೂರು ತಾಲೂಕಿನಲ್ಲಿ ಭೂಮಿಯ ಕಂಪನವನ್ನು ಅಳೆಯುವ ಕೇಂದ್ರವುಂಟು. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಆಲಿಸುವ ವೀಕ್ಷಣಾಲಯವುಂಟು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಹುಟ್ಟಿದ ಹೊಸೂರು ಇದೇ ತಾಲೂಕಿನದು. ಕೋಟ್ಯಂತರ ಮೈಲಿಗಳಾಚೆಯ ಸೂರ್ಯನ ಸದ್ದನ್ನು ಆಲಿಸುವ ತಾಲೂಕಿಗೆ ಹಿತ್ತಲಿನ ಹಕ್ಕಿಯ ದನಿ ಕೇಳಿಸದಿದ್ದರೆ ನಗೆಗೀಡಲ್ಲವೆ? ಆದುದರಿಂದ ನಮ್ಮ ಸೂಚನೆ ಇಷ್ಟು. ಈ ಸೀಮೆಯ ಪ್ರತಿಯೊಂದು ಶಾಲೆಯಲ್ಲಿಯೂ ಒಂದು ನೀರಿನ ಬಟ್ಟಲು, ಒಂದು ಕಾಳಿನ ತಟ್ಟೆ, ಅವುಗಳ ಬಳಿ ಒಂದು ಕನ್ನಡ ದಾಖಲೆ ಪುಸ್ತಕ ಇರಲಿ. ಬಂದ ಹಕ್ಕಿಯ ಹೆಸರು, ಎಣಿಕೆ, ದಿನ, ಹೊತ್ತುಗಳನ್ನು ಮಕ್ಕಳೇ ಬರೆಯಲಿ. ಗೊತ್ತಾಗದ ಹಕ್ಕಿಯ ಮುಂದೆ ಊಹೆಯ ಹೆಸರು ಬರೆಯದೆ ಅದರ ಗುರುತನ್ನಷ್ಟೇ ಬರೆಯಲಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುವುದು. ಕನಿಷ್ಠ ಹದಿನೈದು ನಿಮಿಷ ನೋಡಿ ಬರೆದರೆ ಸಾಕು. ಅದರಲ್ಲಿ ವಿದುರಾಶ್ವತ್ಥದ ಹೆಸರೂ ಸೇರಲಿ.

ಕಡೆಯದಾಗಿ ಒಂದು ಮಾತು. ಹಕ್ಕಿಯನ್ನು ಬಲ್ಲೆವೆಂದು ಪಂಜರದಲ್ಲಿ ಗಿಳಿ ಸಾಕುವವರು ಇನ್ನೂ ನಮ್ಮ ನಡುವೆ ಇದ್ದಾರೆ. ನಮ್ಮ ನಾಡಿನ ಕಾಡುಗಿಳಿಗಳನ್ನು ಹಿಡಿಯುವುದೂ ಮಾರುವುದೂ ಕೂಡಿಹಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆ ಹಾಗಿರಲಿ, ಸ್ವಾತಂತ್ರ್ಯಕ್ಕಾಗಿ ಎದೆಯೊಡ್ಡಿದವರ ಊರಿನ ಸುತ್ತ ಪಂಜರವು ತೂಗಾಡುವುದು ಶೋಭಿಸದು. ತಾನಾಗಿ ಬಂದು, ಒಂದು ಗುಟುಕು ನೀರು ಕುಡಿದು, ತನ್ನಿಚ್ಛೆಯಂತೆ ಹಾರಿಹೋಗುವ ಹಕ್ಕಿಯೇ ನಮ್ಮ ಅತಿಥಿ. ದೇಶಬಾಂಧವರು ಪಂಜರದ ಬಾಗಿಲನ್ನು ಮುಚ್ಚುವ ಕೈಗಳಿಂದ ದಾಖಲೆಯ ಪುಸ್ತಕವನ್ನು ತೆರೆಯಲಿ.