ಪರದೆಯ ಮೇಲಿನ ಹಂಪಿ, ಕಲ್ಲಿನ ಮೇಲಿನ ಅಕ್ಷರ

ದೋಹಾದಲ್ಲಿ ನಾವು ನಡೆಸುವ ಕನ್ನಡ ಕಾರ್ಯಕ್ರಮಗಳ ವೇದಿಕೆಯ ಹಿಂದೆ ಈಗ ಎಲ್‌ಇಡಿ ಪರದೆಯೊಂದು ತಪ್ಪದೆ ಇರುತ್ತದೆ. ಭರತನಾಟ್ಯಕ್ಕೆ ಹಂಪಿಯ ಕಲ್ಲಿನ ರಥ, ಜನಪದ ನೃತ್ಯಕ್ಕೆ ಜೋಗದ ಜಲಪಾತ, ಭಾವಗೀತೆಗೆ ಮಳೆಯಲ್ಲಿ ತೊಯ್ದ ಮಲೆನಾಡು. ನಿರೂಪಕರು ಅದನ್ನು ಕಲೆ ಮತ್ತು ತಂತ್ರಜ್ಞಾನದ ಸಂಗಮವೆಂದು ಬಣ್ಣಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ಪರದೆಗೆ ಚಿತ್ರಗಳನ್ನು ಹುಡುಕಿಕೊಟ್ಟವರಲ್ಲಿ ನಾನೂ ಒಬ್ಬ. ಒಮ್ಮೆ ಅವಸರದಲ್ಲಿ ಹಳೇಬೀಡೆಂದು ನಾನು ಹಾಕಿದ ಚಿತ್ರ ಖಜುರಾಹೋದ್ದಾಗಿತ್ತು. ತುಂಬಿದ ಸಭೆಯಲ್ಲಿ ಒಬ್ಬರೂ ಗಮನಿಸಲಿಲ್ಲ. ಯಾರೂ ನೋಡದ ಚಿತ್ರಕ್ಕೆ ಅಷ್ಟು ದೊಡ್ಡ ಪರದೆ ಏಕೆ ಬೇಕೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ನಾಡಿನಲ್ಲಿಯೇ ಅದಕ್ಕೆ ಒಂದು ಉತ್ತರವಿದೆ. ದೋಹಾದಿಂದ ಸುಮಾರು ನೂರು ಕಿಲೋಮೀಟರ್ ದೂರದ ಅಲ್ ಜುಬಾರಾದ ಸಮೀಪ, ಮರುಭೂಮಿಯ ನಡುವೆ, ಓಲಾಫರ್ ಎಲಿಯಾಸನ್ ಎಂಬ ಕಲಾವಿದರು 2022ರಲ್ಲಿ ನಿರ್ಮಿಸಿದ ಕೃತಿಯನ್ನು ನಮ್ಮಲ್ಲಿ ಹಲವರು ಚಳಿಗಾಲದ ಪ್ರವಾಸದಲ್ಲಿ ನೋಡಿರಬಹುದು. ಅಲ್ಲಿರುವುದು ಉಕ್ಕಿನ ಬಳೆಗಳು ಮತ್ತು ಇಪ್ಪತ್ತು ದುಂಡನೆಯ ಕನ್ನಡಿಯ ಚಾವಣಿಗಳು. ಅರ್ಧವೃತ್ತಗಳು ಕನ್ನಡಿಯಲ್ಲಿ ಪ್ರತಿಫಲಿಸಿ ಪೂರ್ಣವೃತ್ತಗಳಾಗುತ್ತವೆ. ಕೆಳಗೆ ನಿಂತು ತಲೆಯೆತ್ತಿದರೆ ಕಾಣುವುದು ನಮ್ಮದೇ ಮುಖ, ನಮ್ಮದೇ ಕಾಲ ಕೆಳಗಿನ ಮರಳು. ದಿನವೂ ತುಳಿದು ನಡೆಯುವ ನೆಲವನ್ನು ಮತ್ತೊಮ್ಮೆ ನೋಡುವಂತೆ ಮಾಡುವುದಷ್ಟೇ ಅಲ್ಲಿ ಗಾಜು, ಉಕ್ಕುಗಳ ಕೆಲಸ.

ಕನ್ನಡದಲ್ಲಿ ಅಂಥದೇ ಕೆಲಸವನ್ನು, ಕಲೆಯೆಂಬ ಹೆಸರನ್ನೂ ಬಯಸದೆ, ಬೆಂಗಳೂರಿನ ಮಿಥಿಕ್ ಸೊಸೈಟಿ ಮಾಡುತ್ತಿದೆ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2021ರಲ್ಲಿ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಕೈಗೊಂಡಿತು. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ನಗರ ಬೆಳೆದಂತೆ ಅವುಗಳಲ್ಲಿ ಎಷ್ಟೋ ಕಲ್ಲುಗಳು ರಸ್ತೆ, ಚರಂಡಿ, ಅಡಿಪಾಯಗಳ ಪಾಲಾದವು. ಉಳಿದವುಗಳನ್ನು ಹುಡುಕಿ, ತೊಳೆದು, ಅಕ್ಷರ ಅಕ್ಷರವನ್ನೂ ದಾಖಲಿಸುವುದು ಈ ಯೋಜನೆಯ ಕೆಲಸ.

ಮೊದಲು ಶಾಸನದ ಪಡಿಯಚ್ಚು ತೆಗೆಯಲು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಸವರುತ್ತಿದ್ದರು. ಸವೆದ ಕಲ್ಲಾದರೆ ಅಕ್ಷರವಾವುದು, ಬಿರುಕಾವುದು ಎಂದು ತಿಳಿಯುವುದೇ ಕಷ್ಟ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿಯಾದರೋ ಬೆಳಕನ್ನು ಬೇಕಾದ ಕಡೆಯಿಂದ ಓರೆಯಾಗಿ ಬೀಳಿಸಬಹುದು. ಬೆಳಕು ವಾಲಿದಂತೆ ಆಳವಿಲ್ಲದ ಗೀರುಗಳಲ್ಲಿ ನೆರಳು ತುಂಬಿ, ಕಣ್ಣಿಗೆ ಕಾಣದಿದ್ದ ಅಕ್ಷರ ಮೇಲೇಳುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲನ್ನೇ ನೋಡಿ. ಅದು ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಕಾಳಗದಲ್ಲಿ ಮಡಿದ ಕಿಟ್ಟಯ್ಯನೆಂಬ ವೀರನ ಹೆಸರೂ ಮೂರ್ತಿಯೂ ಅದರಲ್ಲಿವೆ. ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವಾಗ ನಾವೆಲ್ಲರೂ ಹೆಬ್ಬಾಳ ಮೇಲ್ಸೇತುವೆಯನ್ನು ದಾಟಿಯೇ ಹೋಗುತ್ತೇವೆ. ಕಿಟ್ಟಯ್ಯನನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನು ನಮ್ಮ ಪರದೆಯ ಪಕ್ಕದಲ್ಲಿಟ್ಟು ಹೇಳಲು ಕಾರಣವಿದೆ. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ವೇದಿಕೆಯಲ್ಲಿ ಕನ್ನಡ ಹಾಡಿಗೆ ಸೊಗಸಾಗಿ ಕುಣಿಯುತ್ತಾರೆ. ಪರದೆಯ ಮೇಲೆ ಮೂಡುವ ಕನ್ನಡ ಸಾಲನ್ನು ಮಾತ್ರ ಓದಲಾರರು. ಹಾಡನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡು ಕಲಿಯುವ ಮಗುವಿಗೆ ಕನ್ನಡ ಲಿಪಿಯೂ ಹಿನ್ನೆಲೆಯ ಅಲಂಕಾರವೇ. ಇದು ಮಕ್ಕಳ ತಪ್ಪಲ್ಲ.

ಸ್ವಯಂಸೇವಕರ ಕಷ್ಟವನ್ನು ನಾನು ಅರಿಯದವನಲ್ಲ. ಕಚೇರಿ ಮುಗಿಸಿ ಬಂದು, ಸಿಕ್ಕ ಶುಕ್ರವಾರಗಳಲ್ಲಿ ತಾಲೀಮು ನಡೆಸಿ, ಒಂದು ಸಂಜೆಯನ್ನು ಕಟ್ಟಿ ನಿಲ್ಲಿಸುವವರಿಗೆ ಸಿದ್ಧ ಪರದೆ ದೊಡ್ಡ ಅನುಕೂಲ. ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಒಂದು ವರ್ಷ ಸ್ವಲ್ಪ ಚಿಕ್ಕ ಪರದೆಯನ್ನು ಬಾಡಿಗೆಗೆ ತಂದು, ಉಳಿದ ಹಣವನ್ನು ಬೇರೊಂದು ಕೆಲಸಕ್ಕೆ ಕೊಡಿ ಎಂಬುದಷ್ಟೇ ನನ್ನ ಕೋರಿಕೆ.

ಮಿಥಿಕ್ ಸೊಸೈಟಿ ತನ್ನ ಪ್ರತಿಗಳನ್ನು ಅಂತರಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಶಾಸನಗಳ ಒಂದೊಂದು ಅಕ್ಷರದ ಚಿತ್ರವನ್ನೂ ಹುಡುಕಿ ನೋಡಲು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ರೂಪಿಸಿದೆ. ಇತ್ತ ಕತಾರಿನ ಕಾಮಗಾರಿಗಳಲ್ಲಿ ಸರ್ವೇ ಮಾಡುವವರು, ಲೇಸರ್ ಸ್ಕ್ಯಾನರಿನಿಂದ ಕಟ್ಟಡ ಅಳೆಯುವವರು, ಗಣಕದಲ್ಲಿ ಮೂರು ಆಯಾಮದ ನಕ್ಷೆ ರಚಿಸುವವರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಸಂಘದ ಸಮಾರಂಭದಲ್ಲಿ ಅವರಿಗೆ ನಾವು ಒಪ್ಪಿಸುವ ಕೆಲಸ ಕುರ್ಚಿ ಜೋಡಿಸುವುದು, ವಾಹನ ನಿಲ್ಲಿಸಲು ದಾರಿ ತೋರುವುದು. ಅವರ ಕಸುಬನ್ನು ನಾವು ಕೇಳಿಯೇ ಇಲ್ಲ.

ಸೊಸೈಟಿಗೆ ಪತ್ರ ಬರೆದು, ಅನುಮತಿ ಪಡೆದು, ಕಿಟ್ಟಯ್ಯನ ಕಲ್ಲನ್ನು ಮೂರು ಆಯಾಮದ ಮುದ್ರಣದಲ್ಲಿ ಅಚ್ಚು ಹಾಕಿಸೋಣ. ಮಗುವಿನ ಎದೆಯ ಎತ್ತರಕ್ಕೆ ಬರುವಷ್ಟು ದೊಡ್ಡದಿದ್ದರೆ ಸಾಕು. ರಾಜ್ಯೋತ್ಸವದ ದಿನ ಅದನ್ನು ಸಭಾಂಗಣದ ಬಾಗಿಲಲ್ಲಿ, ಅರೆಗತ್ತಲೆಯಲ್ಲಿ ನಿಲ್ಲಿಸಿ, ಮಕ್ಕಳ ಕೈಗೆ ಒಂದೊಂದು ಟಾರ್ಚ್ ಕೊಡೋಣ. ಬೆಳಕನ್ನು ಓರೆ ಹಿಡಿದು ಅವರೇ ಅಕ್ಷರ ಹುಡುಕಲಿ, ಬೆರಳಿಟ್ಟು ಸವರಲಿ, ಇಂದಿನ ವರ್ಣಮಾಲೆಯ ಪಟದೊಂದಿಗೆ ಹೋಲಿಸಲಿ. ಹಳಗನ್ನಡದಲ್ಲಿದ್ದು ನಮ್ಮ ಬಳಕೆಯಿಂದ ಮರೆಯಾದ ಱ, ೞಗಳ ಕಥೆಯನ್ನು ಹೇಳಲು ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲಿ. ಅಚ್ಚಿಗೆ ಬೇಕಾದ ಯಂತ್ರವನ್ನು ಬಳಸಬಲ್ಲವರು, ಹಳೆಯ ಲಿಪಿಯನ್ನು ಸ್ವಲ್ಪವಾದರೂ ಓದಬಲ್ಲವರು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಬಂದರೆ ನವೆಂಬರಿನೊಳಗೆ ಕೆಲಸ ಮುಗಿಯುತ್ತದೆ. ಟಾರ್ಚುಗಳನ್ನು ನಾನು ತರುತ್ತೇನೆ.