ಹಾವಿನ ಆಟವೂ ಶಾಲೆಯ ದಾರಿಯೂ

ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಹುಟ್ಟಿ ಯುರೋಪಿನ ಹಲವು ದೇಶಗಳಿಗೆ ಹಬ್ಬಿದ ‘ಟ್ರಾಫಿಕ್ ಸ್ನೇಕ್’ ಆಟ ಬಲು ಸರಳ. ಪ್ರಾಥಮಿಕ ಶಾಲೆಯಲ್ಲಿ ಉದ್ದನೆಯ ಹಾವಿನ ಚಿತ್ರವಿರುವ ಬ್ಯಾನರ್ ಕಟ್ಟುತ್ತಾರೆ. ನಡೆದೋ, ಸೈಕಲ್ ತುಳಿದೋ, ಬಸ್ಸಿನಲ್ಲೋ ಅಥವಾ ಅಕ್ಕಪಕ್ಕದ ಮನೆಯವರೊಂದಿಗೆ ಒಂದೇ ಕಾರು ಹಂಚಿಕೊಂಡೋ ಬಂದ ಮಗುವಿಗೆ ಒಂದು ಸ್ಟಿಕ್ಕರ್. ತರಗತಿಯ ಸ್ಟಿಕ್ಕರ್‌ಗಳು ಕೂಡುತ್ತಾ ಹೋದಂತೆ ಹಾವಿನ ಮೈ ತುಂಬುತ್ತದೆ. ಸುಮಾರು ಎರಡು ವಾರಗಳ ಆಟದಲ್ಲಿ ಗುರಿ ಮುಟ್ಟಿದರೆ ಇಡೀ ಶಾಲೆಗೆ ಬಹುಮಾನ.

ಗೆಲುವು ಒಬ್ಬರದ್ದಲ್ಲ, ಎಲ್ಲರದ್ದು. ಈ ಆಟದ ನಿಜವಾದ ಬಲ ಇರುವುದು ಇಲ್ಲಿಯೇ. ‘ಇವತ್ತು ಕಾರು ಬೇಡ’ ಎಂದು ಮಗುವೇ ಹಠ ಹಿಡಿದಾಗ ಅಪ್ಪ ಅಮ್ಮ ಮಣಿಯುತ್ತಾರೆ. ಶಾಲೆಯ ಸುತ್ತೋಲೆಗೆ ಆ ಶಕ್ತಿಯಿಲ್ಲ. ಆದರೆ ದೂರದ ಊರಿನಿಂದ ಬರುವ, ನಡೆಯಲಾಗದ ಮಗು ತನ್ನಿಂದ ತರಗತಿ ಸೋತಿತೆಂದು ಕೊರಗಬಾರದು. ಕಾರನ್ನು ದೂರದಲ್ಲೇ ನಿಲ್ಲಿಸಿ ಉಳಿದ ದಾರಿಯನ್ನು ನಡೆದವರಿಗೂ, ಬೇರೆ ದಾರಿಯೇ ಇಲ್ಲದವರಿಗೂ ಸ್ಟಿಕ್ಕರ್ ಸಿಗಲೇಬೇಕು.

ಎರಡು ವಾರ ಮುಗಿದ ಮೇಲೇನು? ಅಭ್ಯಾಸ ಉಳಿಯಬೇಕಾದರೆ ದಾರಿಯೂ ಸುರಕ್ಷಿತವಾಗಿರಬೇಕು. ಅದೇ ಫ್ಲಾಂಡರ್ಸ್‌ನ ಗೆಂಟ್ ನಗರ 2012ರಲ್ಲಿ ‘ಶಾಲಾ ಬೀದಿ’ ಆರಂಭಿಸಿತು: ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ಆ ಬೀದಿಗೆ ಕಾರುಗಳ ಪ್ರವೇಶವಿಲ್ಲ. ಮಕ್ಕಳಲ್ಲಿ ನಡೆಯುವ ಆಸೆ ಹುಟ್ಟಿಸಿ, ಅಪಾಯದ ರಸ್ತೆಗೆ ಬಿಡುವುದು ಅನ್ಯಾಯ. ನಮ್ಮ ಶಾಲೆಗಳು ಈ ಆಟವನ್ನು ಧಾರಾಳವಾಗಿ ಆಡಿಸಲಿ. ಅದಕ್ಕೂ ಮೊದಲು ನಗರಪಾಲಿಕೆಗಳು ಶಾಲೆಯ ಮುಂದಿನ ಫುಟ್‌ಪಾತನ್ನು ಮಕ್ಕಳಿಗೆ ಬಿಡಿಸಿಕೊಡಲಿ.